ಕಣ್ಣೆದುರು ಸತ್ತ ಜಿರಳೆ ಲೆಕ್ಕಕ್ಕಿಲ್ಲ

ಕೀಟ ನಿಯಂತ್ರಣಕ್ಕೆಂದು ಯಾರದಾದರೂ ಮನೆಗೆ ಹೋದರೆ ನಾನು ಮೊದಲು ತೆರೆಯುವುದು ಸಿಂಕ್ ಕೆಳಗಿನ ಕಪಾಟನ್ನು. ಅರ್ಧ ಖಾಲಿಯಾದ ಮೂರು ನಾಲ್ಕು ಸ್ಪ್ರೇ ಡಬ್ಬಿಗಳು ಅಲ್ಲಿ ಇದ್ದೇ ಇರುತ್ತವೆ. "ಎಷ್ಟು ಹೊಡೆದರೂ ಹೋಗ್ತಿಲ್ಲ" ಅನ್ನುತ್ತಾರೆ. ಹೋಗದಿರಲು ಎಷ್ಟೋ ಸಲ ಆ ಹೊಡೆತವೇ ಕಾರಣ.

ಇಂಥ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ಮೈಮೇಲೆ ಬಿದ್ದ ಜಿರಳೆ ಅಂಗಾತ ಬೀಳುತ್ತದೆ, ನಮಗೆ ಖುಷಿ. ಉಳಿದವು ಬೆದರಿ ಬೇರೆ ಸಂದಿಗೆ ಓಡುತ್ತವೆ. ಅಡುಗೆಮನೆಯ ಸಣ್ಣ ಕಂದು ಜಿರಳೆಯ ಒಂದೇ ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ. ಆ ಚೀಲದ ಗಟ್ಟಿ ಹೊದಿಕೆಯನ್ನು ದಾಟಿ ಸ್ಪ್ರೇ ಒಳಗಿಳಿಯುವುದು ಕಷ್ಟ. ಜೊತೆಗೆ, ವಿಷವನ್ನು ತಡೆದುಕೊಂಡ ಜಿರಳೆಗಳ ಮರಿಗಳೇ ಮುಂದೆ ಮನೆ ತುಂಬುತ್ತವೆ.

ಅದಕ್ಕೇ ನನಗೆ ಜೆಲ್, ಅಂದರೆ ಜಿರಳೆ ತಿನ್ನಲೆಂದು ವಿಷ ಬೆರೆಸಿದ ಅಂಟಂಟು ತಿನಿಸು, ಇಷ್ಟ. ಬೆಂಕಿಕಡ್ಡಿಯ ತಲೆಯಷ್ಟು ಹನಿ ಸಾಕು. ಕಪಾಟಿನ ಕೀಲು, ಫ್ರಿಜ್‌ನ ಹಿಂಬದಿ, ಪೈಪು ಗೋಡೆಯೊಳಗೆ ಹೋಗುವ ತೂತು, ಹೀಗೆ ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು. ತಿಂದ ಜಿರಳೆ ತನ್ನ ಸಂದಿಗೆ ವಾಪಸ್ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. (ಅಸಹ್ಯ ಅನಿಸಬಹುದು, ನಮ್ಮ ಕೆಲಸ ನಡೆಯುವುದೇ ಈ ಅಸಹ್ಯದಿಂದ.) ಆದರೆ ಪರಿಣಾಮ ಕಾಣಲು ಕೆಲವು ದಿನ ಬೇಕು. ತಾಳ್ಮೆ ಕೆಟ್ಟು ಜೆಲ್ ಇಟ್ಟ ಜಾಗಕ್ಕೇ ಸ್ಪ್ರೇ ಹೊಡೆದರೆ ಜಿರಳೆ ಆ ಕಡೆ ತಲೆ ಹಾಕುವುದಿಲ್ಲ. ಎರಡೂ ದಂಡ.

ತೊಟ್ಟಿಕ್ಕುವ ನಲ್ಲಿಯನ್ನೂ ಸರಿಮಾಡಿಸಿ. ಜಿರಳೆ ಊಟವಿಲ್ಲದೆ ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಅಷ್ಟು ದಿನ ತಡೆಯದು. ಸೊಳ್ಳೆಯದೂ ನೀರಿನ ಕಥೆಯೇ. ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಮರಿ ಸೊಳ್ಳೆಯಾಗುವ ಮೊದಲೇ ಹೋಗುತ್ತದೆ.

ಸ್ಪ್ರೇ ಬೇಕೇ ಬೇಕು ಅಂದರೆ ಸಂದಿಗೆ ಮಾತ್ರ ಹೊಡೆಯಿರಿ, ಇಡೀ ಕೋಣೆಗೆ ಬೇಡ. ಒಲೆ ಆರಿಸಿರಿ, ಡಬ್ಬಿಯ ಗ್ಯಾಸಿಗೆ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಬಿಸಿಲಿಗೆ ಬೇಗ ಒಡೆದುಹೋಗುವ ಪೈರೆಥ್ರಾಯ್ಡ್, ಮನೆಯೊಳಗಿನ ಧೂಳಿನಲ್ಲಿ ತುಂಬಾ ದಿನ ಉಳಿಯುತ್ತದೆ. ಆ ನೆಲದಲ್ಲೇ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗೆ ಹಾಕುತ್ತದೆ ಅಲ್ವಾ? ಮೀನುಗಳಿಗೆ ಇದು ಕಡು ವಿಷ. ಬೆಕ್ಕುಗಳಿಗೆ ಇದೇ ಗುಂಪಿನ ಪರ್ಮೆಥ್ರಿನ್ ಪ್ರಾಣಕ್ಕೇ ಕುತ್ತು. ನೀರಿಗೆ ಬೆರೆಸುವ ಔಷಧವಾದರೆ ಲೇಬಲ್‌ನಲ್ಲಿ ಹೇಳಿದ ಅಳತೆ ಮೀರಬೇಡಿ. ಜಾಸ್ತಿ ಹಾಕಿದರೆ ಕೀಟ ಜಾಸ್ತಿ ಸಾಯುವುದಿಲ್ಲ, ಉಸಿರಾಡುವವರಿಗೆ ಜಾಸ್ತಿ ತೊಂದರೆ ಅಷ್ಟೇ. ಹೊಲಕ್ಕೆ ಹೊಡೆಯುವ ಔಷಧವಂತೂ ಮನೆಯೊಳಗೆ ಬರಲೇಬಾರದು.

ಕಪಾಟಿನಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಜ್ಯೂಸ್ ಬಾಟಲಿಗೆ ಸುರಿದಿಟ್ಟ ಔಷಧ. ಬಾಯಾರಿದ ಮಗುವಿಗೆ ಅದು ಜ್ಯೂಸೇ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ. ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲ ವಿಷಕ್ಕೂ ಒಂದೇ ಚಿಕಿತ್ಸೆ ಇಲ್ಲ. ಡಾಕ್ಟರು ಮೊದಲು ಕೇಳುವುದು ಒಳಗಿದ್ದದ್ದು ಏನು ಅಂತ. ಆ ಹೆಸರು ಇರುವುದು ಲೇಬಲ್ ಮೇಲೆ, ಜ್ಯೂಸ್ ಬಾಟಲಿಯ ಮೇಲಲ್ಲ.