ಎಳೆದಷ್ಟೂ ಬೆಳ್ಳಗಾಗುವ ಸಕ್ಕರೆ

ಕ್ಯಾಂಡಿ ಫ್ಯಾಕ್ಟರಿಯೊಳಗೆ ನಿಂತು ನೋಡಬೇಕಾದ ಜಾಗ ಅಂದರೆ ಪಾಕ ಎಳೆಯುವ ಕೊಕ್ಕೆ. ಮಿಕ್ಕ ಮೆಷಿನ್‌ಗಳನ್ನು ಬೇಕಾದರೆ ಬೇಗ ದಾಟಿಕೊಂಡು ಹೋಗಿ, ಪರವಾಗಿಲ್ಲ.

ನಮ್ಮ ಗುಂಪು ಹೋದಾಗ ಅಲ್ಲಿದ್ದವರು ಬಲು ಲವಲವಿಕೆಯ ಮನುಷ್ಯ. "ಬನ್ನಿ ಬನ್ನಿ, ಹಿಂದೆ ನಿಂತ್ರೆ ಕಾಣಲ್ಲ" ಎಂದು ಕರೆದು, ಬಿಸಿ ಪಾಕದ ದೊಡ್ಡ ಮುದ್ದೆಯನ್ನು ಎತ್ತಿ ಕೊಕ್ಕೆಗೆ ಹಾಕಿದರು. ಅದು ತನ್ನ ಭಾರಕ್ಕೇ ಜಗ್ಗಿ ಇಳಿಯತೊಡಗಿತು. ನೆಲ ಮುಟ್ಟುವ ಮೊದಲೇ ಹಿಡಿದು ಎಳೆದರು, ಮಡಚಿದರು, ಮತ್ತೆ ಕೊಕ್ಕೆಗೆ ಹಾಕಿದರು. "ಬಣ್ಣ ಏನೂ ಹಾಕಿಲ್ಲ, ಸುಮ್ನೆ ನೋಡ್ತಾ ಇರಿ." ತಿಳಿ ಹಳದಿಯಾಗಿ, ಆಚೆ ಕಡೆ ಕಾಣುವಂತಿದ್ದ ಮುದ್ದೆ ನೋಡನೋಡುತ್ತಲೇ ಹೊಳೆಯುವ ಬಿಳಿಯಾಯಿತು!

ಇದು ಗಾಳಿಯ ಕೆಲಸ. ಪ್ರತಿ ಮಡಿಕೆಯಲ್ಲೂ ಒಂದಿಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ. ಎಳೆದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಾಗಿ ಹರಡುತ್ತದೆ. ನೇರವಾಗಿ ದಾಟಿ ಹೋಗುತ್ತಿದ್ದ ಬೆಳಕು ಈಗ ಗುಳ್ಳೆಗುಳ್ಳೆಗೂ ತಗುಲಿ ಎಲ್ಲ ದಿಕ್ಕಿಗೂ ಚದುರುತ್ತದೆ. ಸೋಪಿನ ನೊರೆ ಬೆಳ್ಳಗಿರುವುದೂ ಇದಕ್ಕೇ ಅಲ್ವಾ? ಗಾಳಿ ಸೇರಿದ ಕ್ಯಾಂಡಿ ಹಲ್ಲಿಗೂ ಹಗುರ.

ಆದರೆ ಸಕ್ಕರೆ ಹೀಗೆ ಎಳೆಯಲು ಬರುವುದೇ ದೊಡ್ಡ ಸೋಜಿಗ. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಸಕ್ಕರೆ ಪಾಕ ಹಾಗಲ್ಲ, ನೀರು ಆರಿದಂತೆಲ್ಲ ಅದು ಕುದಿಯುವ ಬಿಸಿಯೂ ಏರುತ್ತ ಹೋಗುತ್ತದೆ. ಸುಮಾರು 115 ಡಿಗ್ರಿಯಲ್ಲಿ ತೆಗೆದರೆ ಮೆತ್ತಗಿನ ಉಂಡೆ ಕಟ್ಟಬಹುದು. 150ರ ಹತ್ತಿರ ಹೋದರೆ ನೀರು ಇನ್ನಿಲ್ಲವೆಂಬಷ್ಟು ಕಡಿಮೆ. ಆಗ ತಣಿಸಿದರೆ ಗಟ್ಟಿ ಕ್ಯಾಂಡಿ.

ತಣಿಯುವಾಗ ಸಕ್ಕರೆಯ ಅಣುಗಳು ಸಾಲಾಗಿ ಜೋಡಿಸಿಕೊಂಡು ಹರಳಾಗಲು ನೋಡುತ್ತವೆ. ಹಾಗಾದರೆ ಕ್ಯಾಂಡಿ ಮರಳುಮರಳು. ಅದಕ್ಕೇ ಪಾಕಕ್ಕೆ ಗ್ಲೂಕೋಸ್ ಸಿರಪ್ ಸೇರಿಸುತ್ತಾರೆ. ಅದರಲ್ಲಿರುವ ಬೇರೆ ಬೇರೆ ಗಾತ್ರದ ಅಣುಗಳು ನಡುವೆ ನುಗ್ಗಿ ಸಾಲು ಕಟ್ಟಲು ಬಿಡುವುದಿಲ್ಲ. ಅಷ್ಟರಲ್ಲಿ ಪಾಕ ತಣ್ಣಗಾಗಿ, ಅಣುಗಳು ಅಡ್ಡಾದಿಡ್ಡಿ ಇದ್ದಲ್ಲೇ ಗಟ್ಟಿಯಾಗುತ್ತವೆ. ಹೀಗೆ ಗಟ್ಟಿಯಾದದ್ದಕ್ಕೆ ವಿಜ್ಞಾನಿಗಳು ಗಾಜು ಎನ್ನುತ್ತಾರೆ. ಕಿಟಕಿಯ ಗಾಜಿನಲ್ಲೂ ಅಣುಗಳಿಗೆ ಸಾಲಿಲ್ಲ.

ಮಂಜುಗಡ್ಡೆ ಸೊನ್ನೆ ಡಿಗ್ರಿಗೆ ಸರಿಯಾಗಿ ಕರಗುತ್ತದೆ. ಗಾಜಿಗೆ ಅಂಥ ಒಂದು ಗೆರೆ ಇಲ್ಲ, ಬಿಸಿಯಾದಂತೆ ಮೆಲ್ಲಗೆ ಮೆತ್ತಗಾಗುತ್ತದೆ. ಪಾಕ ಎಳೆಯುತ್ತಿದ್ದವರ ಕಸುಬೆಲ್ಲ ನಡೆಯುವುದು ಈ ನಡುವಿನ ಹೊತ್ತಿನಲ್ಲೇ. ಬಿಸಿ ಜಾಸ್ತಿಯಾದರೆ ಪಾಕ ಹರಿದುಹೋಗುತ್ತದೆ, ಕಡಿಮೆಯಾದರೆ ಪಟಕ್ಕನೆ ಮುರಿಯುತ್ತದೆ. "ಎಳೆಯುವಾಗ ಕೈಗೇ ಗೊತ್ತಾಗುತ್ತೆ" ಎಂದರು. ಆ ಕೈಗಳ ಬಗ್ಗೆ ನನಗೆ ನಿಜಕ್ಕೂ ಗೌರವ ಮೂಡಿತು.

ಪಕ್ಕದ ಮೇಜಿನ ಮೇಲೆ, ಒಳಗೆ ಇಂಗ್ಲಿಷ್ ಅಕ್ಷರಗಳಿರುವ ಕ್ಯಾಂಡಿ ತಯಾರಾಗುತ್ತಿತ್ತು. ಬಣ್ಣದ ಪಾಕದ ಪಟ್ಟಿಗಳನ್ನು ಜೋಡಿಸಿ ಮೊದಲು ದಪ್ಪ ದಿಮ್ಮಿ ಕಟ್ಟುತ್ತಾರೆ, ಆಮೇಲೆ ಎಳೆಯುತ್ತಾರೆ. 15 ಸೆಂಟಿಮೀಟರ್ ದಪ್ಪದ ದಿಮ್ಮಿಯನ್ನು ಒಂದೂವರೆ ಸೆಂಟಿಮೀಟರ್‌ಗೆ ಇಳಿಸಿದರೆ ಉದ್ದ 100 ಪಟ್ಟು ಆಗುತ್ತದೆ. ಒಂದು ಮೀಟರ್ ಇದ್ದದ್ದು 100 ಮೀಟರ್! ಎಲ್ಲಿ ಕತ್ತರಿಸಿದರೂ ಅದೇ ಅಕ್ಷರ, ಪುಟ್ಟದಾಗಿ.

"ಯಾವ ಅಕ್ಷರ ಮೊದಲು ಮಾಡ್ತೀವಿ, ಹೇಳಿ ನೋಡೋಣ?" ಎಂದು ದಿಮ್ಮಿ ಕಟ್ಟುತ್ತಿದ್ದವರು ಕೇಳಿದರು. ಗುಂಪಿನ ಹುಡುಗನೊಬ್ಬ "ಎ!" ಎಂದ. ಅವರು ಜೋರಾಗಿ ನಕ್ಕು, "ಅದು ಕೊನೆಗಪ್ಪಾ" ಎಂದರು. ಇ, ಎಫ್‌ನಂಥ ಚೌಕಾಕಾರದ ಅಕ್ಷರಗಳು ಪಾಕ ಮೆತ್ತಗಿದ್ದರೂ ಆಕಾರ ಬಿಡುವುದಿಲ್ಲ, ಅವು ಮೊದಲು. ತ್ರಿಕೋನದ ಎ, ದುಂಡಗಿನ ಓ ಬೇಗ ಕುಸಿಯುತ್ತವೆ. ಪಾಕ ಇನ್ನಷ್ಟು ಬಿಗಿಯಾದ ಮೇಲೆ ಅವುಗಳ ಸರದಿ. ಕಟ್ಟಿದ ದಿಮ್ಮಿಯನ್ನು ಒಂದು ಗಳಿಗೆಯೂ ಸುಮ್ಮನೆ ಬಿಡುವಂತಿಲ್ಲ. ಬಿಟ್ಟರೆ ತನ್ನ ಭಾರಕ್ಕೇ ಚಪ್ಪಟೆಯಾಗುತ್ತದೆ, ಒಳಗಿನ ಓ ಮೊಟ್ಟೆಯಾಗುತ್ತದೆ. ಹಾಗಾಗಿ ನಮ್ಮ ಜೊತೆ ಮಾತಾಡುವಾಗಲೂ ಅವರು ಅದನ್ನು ಉರುಳಿಸುತ್ತಲೇ ಇದ್ದರು.