ಹೋದವರ ಹೆಸರು: ಧರ್ಮಸಭೆಯಲ್ಲಿ ಹಿರಿಯರು ಬದಲಾದಾಗ ಋಣ ಸಲ್ಲುವ ಬಗೆ

2025ರ ಏಪ್ರಿಲ್ 21, ಈಸ್ಟರ್ ಮರುದಿನದ ಸೋಮವಾರ. ರೋಮ್‌ನಲ್ಲಿ ಬೆಳಿಗ್ಗೆ 7.35ಕ್ಕೆ, ನಮ್ಮ ಗಡಿಯಾರದಲ್ಲಿ 11.05ಕ್ಕೆ, ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಕಥೋಲಿಕರ ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಗುರುಗಳು ಹೇಳುವ ಮಹಾಪ್ರಾರ್ಥನೆಯೊಂದಿದೆ. ಅದರಲ್ಲಿ ಪೋಪರ ಹೆಸರು ಬರುತ್ತದೆ, ಅದರ ಬೆನ್ನಿಗೇ ಸ್ಥಳೀಯ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ ಹೆಸರು. ಆ ಸಂಜೆಯ ಪೂಜೆಯಿಂದ ಮೊದಲ ಹೆಸರನ್ನು ಬಿಡಬೇಕಿತ್ತು, ನಿಯಮ ಹಾಗಿದೆ. ಮೇ 8ರಂದು 14ನೇ ಲಿಯೋ ಆಯ್ಕೆಯಾಗುವವರೆಗೆ, 17 ದಿನ, ಆ ಜಾಗ ಖಾಲಿ ಇತ್ತು.

ಹನ್ನೆರಡು ವರ್ಷ ಪ್ರತಿದಿನ ಹೇಳಿದ ಹೆಸರನ್ನು ಅದೇ ದಿನ ಬಿಟ್ಟುಬಿಡುವುದು ಕೃತಘ್ನತೆಯಂತೆ ತೋರಬಹುದು. ಹಾಗಲ್ಲ. ಹೋದ ಗುರುವಿಗೆ ಋಣಿಯಾಗಿರುವುದು ಹೇಗೆ ಎಂಬ ಪ್ರಶ್ನೆಯನ್ನು ಧರ್ಮಸಭೆ, ಅಂದರೆ ಕಥೋಲಿಕ ಚರ್ಚ್, ಜನರ ಪ್ರೀತಿಯೊಂದಕ್ಕೇ ಬಿಟ್ಟಿಲ್ಲ. ಹೆಸರು, ಮನೆ, ಲೆಕ್ಕ ಈ ಮೂರಕ್ಕೂ ಕಟ್ಟಳೆ ಮಾಡಿದೆ. ಪ್ರೀತಿಯೊಂದನ್ನೇ ನಂಬಿದಾಗಲೆಲ್ಲ ಪೆಟ್ಟು ತಿಂದ ನೆನಪು ಅದಕ್ಕಿದೆ.

ಆ ನೆನಪು ಮೊದಲ ಶತಮಾನದಿಂದಲೇ ಶುರುವಾಗುತ್ತದೆ. ಕ್ರಿ.ಶ. 96ರ ಸುಮಾರಿಗೆ ಗ್ರೀಸಿನ ಕೊರಿಂಥ ಪಟ್ಟಣದ ಸಭೆಯಲ್ಲಿ ಕೆಲವರು ಸೇರಿ ತಮ್ಮ ಹಿರಿಯರನ್ನು ಸ್ಥಾನದಿಂದ ಇಳಿಸಿಬಿಟ್ಟರು. ರೋಮ್‌ನ ಸಭೆ ತನ್ನ ಹಿರಿಯರಾದ ಕ್ಲೆಮೆಂಟರ ಮೂಲಕ ಅವರಿಗೆ 65 ಅಧ್ಯಾಯಗಳ ದೀರ್ಘ ಪತ್ರ ಬರೆಯಿತು. 44ನೇ ಅಧ್ಯಾಯದಲ್ಲಿದೆ ಅದರ ತಿರುಳು: ದೋಷವಿಲ್ಲದೆ, ದೀನರಾಗಿ ಸೇವೆ ಮಾಡಿದವರನ್ನು ಹೊರಹಾಕುವುದು ಸಣ್ಣ ಪಾಪವಲ್ಲ. ಕೊರಿಂಥದವರು ಈ ಬೈಗುಳದ ಪತ್ರವನ್ನು ಹರಿದೆಸೆಯಲಿಲ್ಲ. ಸುಮಾರು 70 ವರ್ಷಗಳ ನಂತರವೂ ಅಲ್ಲಿನ ಪ್ರಾರ್ಥನೆಯಲ್ಲಿ ಅದನ್ನು ಓದುತ್ತಿದ್ದರೆಂದು ಅದೇ ಊರಿನ ಬಿಷಪ್ ದಿಯೊನೀಸಿಯಸ್ ದಾಖಲಿಸಿದ್ದಾರೆ.

ಹೆಸರು ಓದುವ ಪದ್ಧತಿಗೆ ಒಂದು ಪುಟ್ಟ ವಸ್ತು ಆಧಾರವಾಗಿತ್ತು. ಮರದ ಅಥವಾ ದಂತದ ಎರಡು ಹಲಗೆಗಳನ್ನು ಕೀಲು ಹಾಕಿ ಜೋಡಿಸಿ, ಪುಸ್ತಕದಂತೆ ಮಡಚುವ ಫಲಕ. ಅದಕ್ಕೆ ಡಿಪ್ಟಿಕ್ ಎಂದು ಹೆಸರು. ಬದುಕಿರುವವರ ಹೆಸರು, ತೀರಿಕೊಂಡವರ ಹೆಸರು ಎಂಬ ಎರಡು ಪಟ್ಟಿ. ಪೂಜೆಯ ವೇಳೆ ಎರಡನ್ನೂ ಗಟ್ಟಿಯಾಗಿ ಓದುತ್ತಿದ್ದರು. ಬಿಷಪ್ ತೀರಿಕೊಂಡರೆ ಹೆಸರು ಅಳಿಯುತ್ತಿರಲಿಲ್ಲ, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಎರಡೂ ಕಡೆಯಿಂದ ಹೆಸರು ತೆಗೆದುಹಾಕಿದರೆ ಅದು ಘೋರ ಶಿಕ್ಷೆ: ಈತ ನಮ್ಮವನಲ್ಲ, ಎಂದೂ ಆಗಿರಲಿಲ್ಲ ಎಂದ ಹಾಗೆ.

ಕಾನ್ಸ್ಟಾಂಟಿನೋಪಲ್‌ನ ಬಿಷಪ್ ಯೊವಾನ್ನ ಕ್ರಿಸೊಸ್ತೊಮರಿಗೆ ಆದದ್ದು ಅದೇ. ಅರಮನೆಯ ಸಿಟ್ಟಿಗೆ ಸಿಕ್ಕಿ 404ರಲ್ಲಿ ಗಡೀಪಾರಾದ ಅವರು 407ರ ಸೆಪ್ಟೆಂಬರ್ 14ರಂದು ದಾರಿಯಲ್ಲೇ ತೀರಿಕೊಂಡರು. ಹೆಸರನ್ನು ಫಲಕಕ್ಕೆ ಸೇರಿಸಲಿಲ್ಲ. ಇದನ್ನು ಒಪ್ಪದ ಜನ ಹೊಸ ಬಿಷಪ್ಪರ ಪೂಜೆಗೇ ಹೋಗದೆ ಬೇರೆಯಾಗಿ ಸೇರತೊಡಗಿದರು. ಹೆಸರು ಮರಳಿ ಸೇರಿಸುವ ತನಕ ನಿಮ್ಮೊಡನೆ ಬಾಂಧವ್ಯವಿಲ್ಲ ಎಂದು ರೋಮ್‌ನ ಪೋಪ್ ಮೊದಲನೇ ಇನ್ನೊಸೆಂಟ್ ಪಟ್ಟು ಹಿಡಿದರು. ಕೊನೆಗೆ ಬಿಷಪ್ ಅತ್ತಿಕಸ್ ಹೆಸರನ್ನು ಬರೆಸಲೇಬೇಕಾಯಿತು. 438ರ ಜನವರಿ 27ರಂದು ಅಸ್ಥಿಗಳೂ ರಾಜಧಾನಿಗೆ ಮರಳಿದಾಗ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಅವರನ್ನು ಗಡೀಪಾರು ಮಾಡಿದ್ದ ತನ್ನ ತಂದೆತಾಯಿಯ ತಪ್ಪಿಗಾಗಿ ಕ್ಷಮೆ ಬೇಡಿದ. ಹಿಂದಿನವರ ಹೆಸರನ್ನು ಒರೆಸಿದರೆ ಹೊಸಬರ ಕುರ್ಚಿಯೂ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಹೆಸರಿನ ಗತಿ ಹೀಗಾದರೆ ಮನೆಯದ್ದು ಇನ್ನೂ ಕೆಟ್ಟದ್ದು. ಬಿಷಪ್ ಕಣ್ಣು ಮುಚ್ಚಿದೊಡನೆ ಅವರ ಮನೆಯ ಸಾಮಾನು ದೋಚುವ ಚಾಳಿ ಇತ್ತು, ಅದೂ ಅವರ ಕೈಕೆಳಗಿನ ಗುರುಗಳಿಂದಲೇ. 451ರಲ್ಲಿ ಖಾಲ್ಸೆಡಾನ್ ಪಟ್ಟಣದಲ್ಲಿ ಸೇರಿದ ಬಿಷಪ್ಪರ ಮಹಾಸಭೆ 22ನೇ ಕಟ್ಟಳೆಯಲ್ಲಿ ಇದನ್ನು ನಿಷೇಧಿಸಿತು. 25ನೇ ಕಟ್ಟಳೆ ಬಿಷಪ್ ಇಲ್ಲದ ಸಭೆಯನ್ನು ‘ವಿಧವೆ’ ಎಂದು ಕರೆಯುತ್ತದೆ: ಮೂರು ತಿಂಗಳೊಳಗೆ ಹೊಸಬರಿಗೆ ದೀಕ್ಷೆಯಾಗಬೇಕು, ಅಲ್ಲಿಯವರೆಗೆ ವಿಧವೆ ಸಭೆಯ ಆದಾಯವನ್ನು ಪಾರುಪತ್ಯಗಾರ ಕಾದಿಡಬೇಕು. 26ನೆಯದು ಬಿಷಪ್ ಇರುವ ಪ್ರತಿ ಸಭೆಗೂ ಅಂಥ ಪಾರುಪತ್ಯಗಾರ ಇರಲೇಬೇಕೆಂದಿತು. ಕೃತಜ್ಞತೆ ಲೆಕ್ಕಪುಸ್ತಕದೊಳಗೆ ಕಾಲಿಟ್ಟದ್ದು ಇಲ್ಲಿಂದ ಎನ್ನಬಹುದು. ಧರ್ಮಸಭೆಯ ಇವತ್ತಿನ ಕಾನೂನಿನಲ್ಲೂ ಇದರ ನೆರಳಿದೆ. ಪೀಠ ಖಾಲಿಯಾದರೆ ಸಲಹಾ ಗುರುಗಳ ಮಂಡಳಿ ಎಂಟು ದಿನದೊಳಗೆ ತಾತ್ಕಾಲಿಕ ಆಡಳಿತಗಾರನನ್ನು ಚುನಾಯಿಸಬೇಕು. ಆತ 35 ವರ್ಷ ತುಂಬಿದ ಗುರುವಾಗಿರಬೇಕು. ಹೊಸದೇನನ್ನೂ ಜಾರಿಗೆ ತರಬಾರದು. ಹೋದವರು ಬಿಟ್ಟದ್ದನ್ನು ಬರುವವರ ಕೈಗೆ ಇದ್ದ ಹಾಗೇ ಒಪ್ಪಿಸುವುದಷ್ಟೇ ಅವನ ಕೆಲಸ. ಅವನು ಬಿಷಪ್ ಆಗಿಲ್ಲದಿದ್ದರೆ ಮಹಾಪ್ರಾರ್ಥನೆಯಲ್ಲಿ ಅವನ ಹೆಸರನ್ನೂ ಹೇಳುವುದಿಲ್ಲ.

ಹಿಂದಿನವರ ಮೇಲಿನ ದ್ವೇಷ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 897ರ ಜನವರಿ ಸಾಕ್ಷಿ. ಪೋಪ್ ಆರನೇ ಸ್ಟೀಫನ್, ತಿಂಗಳುಗಳ ಹಿಂದೆ ಹೂಳಿದ್ದ ಪೋಪ್ ಫೊರ್ಮೊಸಸ್‌ರ ಶವವನ್ನು ತೆಗೆಸಿ, ಉಡುಪು ತೊಡಿಸಿ, ಪೀಠದಲ್ಲಿ ಕೂರಿಸಿ ವಿಚಾರಣೆ ನಡೆಸಿದರು. ಆಶೀರ್ವದಿಸುತ್ತಿದ್ದ ಬಲಗೈಯ ಮೂರು ಬೆರಳು ಕತ್ತರಿಸಿ, ಕೊನೆಗೆ ದೇಹವನ್ನು ಟೈಬರ್ ನದಿಗೆ ಎಸೆದರು. ಕಥೆಯ ಭೀಕರತೆಯನ್ನಷ್ಟೇ ಜನ ಹೇಳುತ್ತಾರೆ, ನಿಜವಾದ ಹಾನಿ ಬೇರೆ ಕಡೆ ಇತ್ತು. ಫೊರ್ಮೊಸಸ್ ಕೊಟ್ಟ ದೀಕ್ಷೆಗಳೆಲ್ಲ ರದ್ದೆಂದು ತೀರ್ಪಾಯಿತು. ಅವರ ಕೈಯಿಂದ ಗುರುಗಳಾದವರ ಸ್ಥಾನವೇ ತೂಗಾಡತೊಡಗಿತು. ಅದೇ ವರ್ಷ ಸ್ಟೀಫನ್‌ರನ್ನು ಸೆರೆಗೆ ಹಾಕಿ ಕತ್ತು ಹಿಸುಕಿ ಕೊಂದರು. ಆಮೇಲೆ ಕೇವಲ 20 ದಿನ ಪೋಪರಾಗಿದ್ದ ಎರಡನೇ ಥಿಯೊಡೋರ್ ಆ ಅಲ್ಪ ಅವಧಿಯಲ್ಲೇ ಫೊರ್ಮೊಸಸ್‌ರನ್ನು ಗೌರವದಿಂದ ಮರಳಿ ಹೂಳಿಸಿ, ದೀಕ್ಷೆಗಳನ್ನು ಊರ್ಜಿತಗೊಳಿಸಿದರು. ಅವರ ಬಗ್ಗೆ ಇತಿಹಾಸ ಇನ್ನೇನನ್ನೂ ಹೆಚ್ಚಾಗಿ ನೆನೆಯುವುದಿಲ್ಲ. ಈ ಒಂದು ಕೆಲಸ ಸಾಕು.

ಅಭಿಮಾನ ಅತಿಯಾದರೂ ಅಪಾಯವೇ. 1294ರ ಡಿಸೆಂಬರ್ 13ರಂದು ಐದನೇ ಸೆಲೆಸ್ಟೀನ್ ತಾವಾಗಿಯೇ ಪೀಠ ಬಿಟ್ಟರು. ಹಳೆಯ ಪೋಪರ ಸುತ್ತ ಒಂದು ಗುಂಪು ಕಟ್ಟಿಕೊಂಡೀತೆಂಬ ಭಯಕ್ಕೆ ಮುಂದಿನ ಪೋಪ್ ಎಂಟನೇ ಬೊನಿಫೇಸ್ ಅವರನ್ನು ಫುಮೋನೆ ಕೋಟೆಯಲ್ಲಿ ಇರಿಸಿದರು. 1296ರಲ್ಲಿ ಅಲ್ಲೇ ಅವರ ಪ್ರಾಣ ಹೋಯಿತು. ಬದುಕಿರುವ ಹಿಂದಿನ ಗುರುವನ್ನು ಎಲ್ಲಿ, ಹೇಗೆ ಇಡಬೇಕೆಂದು ಅವತ್ತು ಯಾರಿಗೂ ತಿಳಿದಿರಲಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ತೀರ ಈಚೆಗೆ. ಬಿಷಪ್ಪರಿಗೆ ವಯಸ್ಸಿನ ಮಿತಿ ಎಂಬುದೇ ಇರಲಿಲ್ಲ; ಸಾಯುವವರೆಗೂ ಅವರೇ. ವಯಸ್ಸಾದವರು ತಾವಾಗಿ ರಾಜೀನಾಮೆ ನೀಡಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕೇಳಿಕೊಂಡಿತು. 1966ರ ಆಗಸ್ಟ್ 6ರಂದು ಆರನೇ ಪೌಲ್ ಅದಕ್ಕೆ 75 ಎಂಬ ಅಂಕಿ ಕೊಟ್ಟರು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 401ನೇ ಕಲಮು ಅದನ್ನೇ ಹೇಳುತ್ತದೆ. ಅದರ ಪಕ್ಕದ 402ನೇ ಕಲಮು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ನಿವೃತ್ತರಾದ ಬಿಷಪ್ಪರಿಗೆ ‘ಎಮೆರಿಟಸ್’ ಎಂಬ ಬಿರುದು ಉಳಿಯುತ್ತದೆ. ಬೇಕೆಂದರೆ ಅದೇ ಧರ್ಮಪ್ರಾಂತದಲ್ಲಿ, ಅಂದರೆ ತಮ್ಮ ಆಡಳಿತದಲ್ಲಿದ್ದ ಪ್ರದೇಶದಲ್ಲಿ, ವಾಸಿಸಬಹುದು. ಅವರ ಘನತೆಗೆ ತಕ್ಕ ಜೀವನಾಧಾರವನ್ನು ಬಿಷಪ್ಪರ ಮಂಡಳಿ ನೋಡಿಕೊಳ್ಳಬೇಕು. ಮೊದಲ ಹೊಣೆ ಅವರು ಸೇವೆ ಮಾಡಿದ ಧರ್ಮಪ್ರಾಂತದ್ದು. ಎಮೆರಿಟಸ್ ಎಂಬ ಮಾತನ್ನು ನಾವು ‘ನಿವೃತ್ತ’ ಎಂದುಬಿಡುತ್ತೇವೆ. ನಿವೃತ್ತ ಎಂದರೆ ಹಿಂದೆ ಸರಿದವನು. ಲ್ಯಾಟಿನ್ನಿನಲ್ಲಿ ಅದು ಅವಧಿ ಪೂರೈಸಿ ಬಿಡುಗಡೆಯನ್ನು ಸಂಪಾದಿಸಿಕೊಂಡ ರೋಮನ್ ಸೈನಿಕನಿಗೆ ಸಲ್ಲುತ್ತಿದ್ದ ಪದ. ಗಳಿಸಿದವನು ಎಂಬ ಅರ್ಥ ಕನ್ನಡಕ್ಕೆ ಬರುವಾಗ ಬಿದ್ದುಹೋಗಿರುವುದು ನಷ್ಟವೇ.

ಬೆಂಗಳೂರು ಇದರ ಒಳ್ಳೆಯ ನಿದರ್ಶನ ಕಂಡಿದೆ. 1986ರಲ್ಲಿ ಮಹಾಧರ್ಮಾಧ್ಯಕ್ಷರಾದ ಅಲ್ಫೋನ್ಸಸ್ ಮಥಾಯಸ್, 75 ತುಂಬುವ ಮೊದಲೇ, 1998ರಲ್ಲಿ ಸ್ಥಾನ ಬಿಟ್ಟರು. 2024ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಪೀಠದಲ್ಲಿದ್ದದ್ದು 12 ವರ್ಷ, ಎಮೆರಿಟಸ್ ಆಗಿ ಬಾಳಿದ್ದು 26 ವರ್ಷ. ಆ ಅವಧಿಯಲ್ಲಿ ಇಗ್ನೇಷಿಯಸ್ ಪಿಂಟೋ, ಬರ್ನಾರ್ಡ್ ಮೊರಾಸ್, ಪೀಟರ್ ಮಚಾದೊ ಒಬ್ಬರ ನಂತರ ಒಬ್ಬರು ಬಂದರು.

ಇಂಥ ಕಡೆ ಅಭಿಮಾನದಿಂದ ಆಗುವ ತಪ್ಪೊಂದಿದೆ: ಮಹಾಪ್ರಾರ್ಥನೆಯಲ್ಲಿ ಹಳೆಯ ಬಿಷಪ್ಪರ ಹೆಸರನ್ನೂ ಸೇರಿಸಿ ಹೇಳುವುದು. ಆ ಜಾಗ ಸನ್ಮಾನದ ಜಾಗವಲ್ಲ. ಈ ಪೂಜೆ ಯಾವ ಕುರುಬನ ಮಂದೆಯೊಳಗೆ ನಡೆಯುತ್ತಿದೆ ಎಂದು ತೋರುವ ಗುರುತು ಅದು. ಆ ಗುರುತು ಇಬ್ಬರಿಗೆ ಹಂಚಿದರೆ ಕೇಳುವವರಿಗೆ ಮಂದೆಯೇ ಎರಡಾದ ಹಾಗೆ. ನಿವೃತ್ತರಿಗಾಗಿ ಬೇಡುವುದಕ್ಕೆ ಬೈಬಲ್ ವಾಚನ, ಪ್ರಬೋಧನೆಗಳ ಬಳಿಕ ಬರುವ ವಿಶ್ವಾಸಿಗಳ ಪ್ರಾರ್ಥನೆ ಇದೆ. ಅಲ್ಲಿ ಹೆಸರು ಹಿಡಿದು, ಮನಸಾರೆ ಬೇಡಬಹುದು.

2013ರ ಫೆಬ್ರವರಿ 28ರ ರಾತ್ರಿ 8ಕ್ಕೆ 16ನೇ ಬೆನೆಡಿಕ್ಟ್ ಪೀಠ ಬಿಟ್ಟಾಗ ಸೆಲೆಸ್ಟೀನರ ಕಾಲದ ಪ್ರಶ್ನೆ ಮತ್ತೆ ಎದ್ದಿತು. ಮುಂದೆ ಪೋಪ್ ಆಗುವವರಿಗೆ ಬೇಷರತ್ತಾಗಿ ವಿಧೇಯನಾಗಿರುತ್ತೇನೆ ಎಂದು ಅದೇ ಬೆಳಿಗ್ಗೆ, ಪೋಪರನ್ನು ಆರಿಸುವ ಹಿರಿಯ ಧರ್ಮಾಧಿಕಾರಿಗಳಾದ ಕಾರ್ಡಿನಲ್‌ಗಳೆದುರು ಅವರು ಮಾತು ಕೊಟ್ಟಿದ್ದರು. ಆ ಮುಂದಿನ ಪೋಪ್ ಆಗ ಆ ಕಾರ್ಡಿನಲ್‌ಗಳ ನಡುವೆಯೇ ಇದ್ದರು, ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮಾರ್ಚ್ 13ರಂದು ಆಯ್ಕೆಯಾಗಿ ಸಂತ ಪೇತ್ರರ ಮಹಾದೇವಾಲಯದ ಬಾಲ್ಕನಿಗೆ ಬಂದ ಫ್ರಾನ್ಸಿಸ್ ಜನರನ್ನು ಮೊದಲು ಕೇಳಿದ್ದು ಬೆನೆಡಿಕ್ಟರಿಗಾಗಿ ಪ್ರಾರ್ಥನೆ. 2018ರ ಫೆಬ್ರವರಿಯಲ್ಲಿ ರಾಜೀನಾಮೆ ಕುರಿತು ಅವರು ಹೊರಡಿಸಿದ ಪತ್ರದ ಹೆಸರೇ ‘ಬೀಳ್ಕೊಳ್ಳಲು ಕಲಿಯುವುದು’. ಹೋಗುವವರು ಅಧಿಕಾರದ ಆಸೆ ಕಳಚಿ ತಯಾರಾಗಬೇಕು ಎನ್ನುತ್ತದೆ ಅದು.

ಅವರನ್ನು ಬೀಳ್ಕೊಟ್ಟ ಬಗೆಯನ್ನೂ ಹತ್ತಿರದಿಂದ ನೋಡಬೇಕು. 2025ರ ಏಪ್ರಿಲ್ 25ರ ರಾತ್ರಿ ಶವಪೆಟ್ಟಿಗೆ ಮುಚ್ಚುವ ಮುನ್ನ ‘ರೊಜಿತೊ’ ಎಂಬ ಪತ್ರವನ್ನು ಗಟ್ಟಿಯಾಗಿ ಓದಿದರು: ಹುಟ್ಟು, ಸೇವೆ, ಮಾಡಿದ ಮುಖ್ಯ ಕೆಲಸಗಳ ದಾಖಲೆ. ಅಲ್ಲಿದ್ದವರು ಸಹಿ ಹಾಕಿದರು. ಮುಖಕ್ಕೆ ಬಿಳಿ ರೇಷ್ಮೆ ಬಟ್ಟೆ ಹೊದಿಸಿ, ಅವರ ಕಾಲದಲ್ಲಿ ಅಚ್ಚಾದ ನಾಣ್ಯಗಳನ್ನೂ ಲೋಹದ ಕೊಳವೆಯಲ್ಲಿ ಸುತ್ತಿಟ್ಟ ರೊಜಿತೊವನ್ನೂ ಒಳಗಿಟ್ಟರು. ಒಂದು ಪ್ರತಿ ದಫ್ತರಕ್ಕೆ ಹೋಗುತ್ತದೆ. 26ರಿಂದ ಮೇ 4ರವರೆಗೆ ಒಂಬತ್ತು ದಿನ ಒಂಬತ್ತು ಪೂಜೆ. ಆ ಒಂಬತ್ತು ದಿನ ಮುಗಿಯದೆ ಹೊಸ ಪೋಪರನ್ನು ಆರಿಸಲು ಕಾರ್ಡಿನಲ್ಲರು ಒಳಹೊಕ್ಕು ಬಾಗಿಲು ಮುಚ್ಚಿಕೊಳ್ಳಲಿಲ್ಲ. ಮೇ 8ರಂದು ಅದೇ ಬಾಲ್ಕನಿಯಿಂದ ಲಿಯೋ ಮೊದಲ ಭಾಷಣದಲ್ಲೇ ಫ್ರಾನ್ಸಿಸರಿಗೆ ಧನ್ಯವಾದ ಹೇಳಿದರು.

ಇನ್ನು ನಮ್ಮೂರಿನ ಇಗರ್ಜಿ. ವರ್ಗಾವಣೆಯ ಕಾಲದಲ್ಲಿ ಗುರುಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಮಾನಪತ್ರ. ಇವೆಲ್ಲ ಬೇಕು, ಆದರೆ ಹೋದವರ ಹೆಸರು ಹಸನಾಗಿ ಉಳಿಯುವುದು ಬೇರೆ ಮೂರ್ನಾಲ್ಕು ಕೆಲಸಗಳಿಂದ. ಮೊದಲನೆಯದು ಆಸ್ತಿಪಟ್ಟಿ. ಜಮೀನು, ಬೆಳ್ಳಿಪಾತ್ರೆ, ಮೂರ್ತಿಯ ಒಡವೆ ಎಲ್ಲವನ್ನೂ ಬರೆದು, ಸಹಿ ಮಾಡಿ, ಒಂದು ಪ್ರತಿಯನ್ನು ಇಗರ್ಜಿಯಲ್ಲೂ ಇನ್ನೊಂದನ್ನು ಬಿಷಪ್ಪರ ಕಚೇರಿಯಲ್ಲೂ ಇಡಬೇಕೆಂದು ಅದೇ ಸಂಹಿತೆಯ 1283ನೇ ಕಲಮು ಹೇಳುತ್ತದೆ. ಪಟ್ಟಿ ಇಲ್ಲದ ಕಡೆ ಎರಡು ವರ್ಷದ ನಂತರ ಒಂದು ಕಿರೀಟ ಕಾಣೆಯಾದರೂ ಅನುಮಾನ ಹೋದವರ ಮೇಲೇ ಬೀಳುತ್ತದೆ, ಉತ್ತರ ಕೊಡಲು ಅವರು ಅಲ್ಲಿರುವುದಿಲ್ಲ. ಎರಡನೆಯದು ಪೂಜೆಯ ಕೋರಿಕೆಗಳ ಪುಸ್ತಕ. ಜನ ಕಾಣಿಕೆ ಕೊಟ್ಟು ಬರೆಸಿದ ಪೂಜೆಗಳಲ್ಲಿ ಇನ್ನೂ ಸಲ್ಲಿಸದೆ ಉಳಿದವೆಷ್ಟು ಎಂದು ಎಣಿಸಿ, ಆ ಹಣದ ಸಮೇತ ಒಪ್ಪಿಸಬೇಕು. ತೀರಿದ ತಾಯಿಯ ಹೆಸರಲ್ಲಿ ಬರೆಸಿದ ಪೂಜೆ ಎರಡು ಅಧಿಕಾರಗಳ ನಡುವೆ ಕಳೆದುಹೋಗಬಾರದು.

ಬೀಳ್ಕೊಡುಗೆಯ ಹಣದ ಲಕೋಟೆಯಲ್ಲೂ ಒಂದು ಸೂಕ್ಷ್ಮವಿದೆ. ಇಗರ್ಜಿಯ ಆಡಳಿತ ನೋಡುವವರ ಕೈಗೆ ಕೊಟ್ಟದ್ದು, ಬೇರೆ ಎಂದು ಸಾಬೀತಾಗದಿದ್ದರೆ, ಇಗರ್ಜಿಗೇ ಕೊಟ್ಟದ್ದೆಂದು 1267ನೇ ಕಲಮು ಎಣಿಸುತ್ತದೆ. ಹಾಗಾಗಿ ‘ಗುರುಗಳ ಸ್ವಂತಕ್ಕೆ’ ಎಂದು ಲಕೋಟೆಯ ಮೇಲೆ ಬರೆಯುವುದು, ಪಾಲನಾ ಸಮಿತಿಯ ನಡಾವಳಿಯಲ್ಲೂ ಒಂದು ಸಾಲು ಸೇರಿಸುವುದು ಒಳ್ಳೆಯದು.

ಕೊನೆಯದು ಮದುವೆ. ‘ನಮ್ಮ ಹಳೆಯ ಗುರುಗಳೇ ಬಂದು ಮದುವೆ ಮಾಡಿಸಬೇಕು’ ಎಂದು ಕೇಳುವ ಕುಟುಂಬಗಳು ಎಲ್ಲ ಕಡೆಯೂ ಇವೆ. ಪ್ರೀತಿಯ ಮಾತೇ ಅದು. ಆದರೆ ವರ್ಗವಾದ ದಿನದಿಂದ ಆ ಇಗರ್ಜಿಯಲ್ಲಿ ಮದುವೆ ಮಾಡಿಸುವ ಅಧಿಕಾರ ಅವರಿಗಿಲ್ಲ. ಈಗಿನ ಗುರುಗಳು ಇಂಥವರಿಗೆ, ಇಂಥ ಮದುವೆಗೆ ಎಂದು ಅಧಿಕಾರ ಬಿಟ್ಟುಕೊಡಬೇಕು. ಅದಿಲ್ಲದೆ ಆದ ಮದುವೆ ಅಸಿಂಧುವಾಗಬಹುದು. ವಧೂವರರಿಗೆ ಅದು ವರ್ಷಗಳ ನಂತರ, ಯಾವುದೋ ಕಾಗದಕ್ಕಾಗಿ ಅಲೆಯುವಾಗ ಗೊತ್ತಾಗುತ್ತದೆ. ಬಾಯಿಮಾತಿನ ಒಪ್ಪಿಗೆಯೂ ನಡೆದೀತು, ಆದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮದುವೆ ರಿಜಿಸ್ಟರಿನಲ್ಲಿ ಹಳೆಯ ಗುರುಗಳ ಸಹಿಯ ಪಕ್ಕದಲ್ಲಿ, ಯಾರು ಕೊಟ್ಟ ಅಧಿಕಾರದಿಂದ ಅವರು ನಿಂತರು ಎಂದು ಹೊಸ ಗುರುಗಳ ಹೆಸರೂ ಇರಲಿ.