ವಾಚ್‌ಮನ್ ಆಗುವ ಮೊದಲು ಏನು ಕೆಲಸ?

ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜನ್ನು ನಾನು ಎದೆಪರೀಕ್ಷೆಯ ಯಂತ್ರದ ಹಾಗೆ ಬಳಸುತ್ತೇನೆ. "ಎಷ್ಟು ದಮ್ಮು ಹತ್ತುತ್ತದೆ?" ಅಂತ ರೋಗಿಯನ್ನು ಕೇಳಿದರೆ "ಸ್ವಲ್ಪ" ಅನ್ನುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. "ಬ್ರಿಡ್ಜ್ ಹತ್ತುವಾಗ ಎಲ್ಲಿ ನಿಲ್ಲುತ್ತೀರಿ?" ಅಂತ ಕೇಳಿದರೆ ಲೆಕ್ಕ ಪಕ್ಕಾ ಸಿಗುತ್ತದೆ.

ವಿಜಯಪುರ ಕಡೆಯ ಒಬ್ಬ ಕಾಕಾ ಹೀಗೇ ಬಂದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. "ಮೊದ್ಲ ಒಂದ ಉಸುರಿಗೆ ಹತ್ತತಿದ್ನ್ರಿ ಸಾಹೇಬ್ರ. ಈಗ ನಡುವ ಎರಡ ಸಲ ನಿಂದರತೇನ್ರಿ" ಅಂದರು. ಒಣ ಕೆಮ್ಮು, ಜ್ವರ ಇಲ್ಲ. ಕೈಯಲ್ಲಿ ದಪ್ಪ ಫೈಲು. ಅದರಲ್ಲಿ ಎರಡು ಸಲ ಟಿಬಿ ಔಷಧಿ ತಿಂದ ಚೀಟಿಗಳು. ಕಫದ ಪರೀಕ್ಷೆಯಲ್ಲಿ ಒಮ್ಮೆಯೂ ಟಿಬಿ ಸಿಕ್ಕಿರಲಿಲ್ಲ. ಎಕ್ಸ್‌ರೇಯಲ್ಲಿ ಕೆಳಗಡೆ "ಏನೋ ಕಲೆ" ಇದೆ ಅಂತ ಮಾತ್ರೆ ಶುರು ಮಾಡಿದ್ದರು. ಪ್ರತಿ ಕೇಸ್‌ ಪೇಪರಿನಲ್ಲೂ ಉದ್ಯೋಗ ಅನ್ನುವ ಜಾಗದಲ್ಲಿ ಒಂದೇ ಪದ: ವಾಚ್‌ಮನ್.

ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟೆ. ಉಸಿರು ಎಳೆದುಕೊಳ್ಳುವುದರ ಕೊನೆಯಲ್ಲಿ ಚರಚರ ಸದ್ದು. ಬ್ಯಾಗಿನ ವೆಲ್ಕ್ರೋ ಪಟ್ಟಿಯನ್ನು ನಿಧಾನಕ್ಕೆ ಕೀಳುವಾಗ ಬರುತ್ತಲ್ಲ, ಹಾಗೆ. ಬೆರಳ ತುದಿಗಳು ಊದಿಕೊಂಡು ಉಗುರು ಗಿಳಿಯ ಕೊಕ್ಕಿನ ಹಾಗೆ ಬಾಗಿದ್ದವು.

"ಕಾಕಾ, ವಾಚ್‌ಮನ್ ಆಗೋ ಮೊದಲು ಏನು ಕೆಲಸ ಮಾಡ್ತಿದ್ರಿ?"

"ಪತ್ರಾ ಫ್ಯಾಕ್ಟರಿಯಾಗ ಇದ್ನಿರಿ. ಬಿಟ್ಟು ಇಪ್ಪತ್ತೈದ ವರ್ಷ ಆತ್ರಿ. ಅದ್ಯಾಕ ಬೇಕ್ರಿ ಈಗ?"

ಅದು ಯಾಕೆ ಬೇಕು ಅಂತ ಹೇಳುವುದಕ್ಕೇ ಈ ವಾರದ ಅಂಕಣ. (ಗುರುತು ಸಿಗದ ಹಾಗೆ ರೋಗಿಗಳ ವಿವರ ಬದಲಿಸಿದ್ದೇನೆ.)

ಮುಂಬೈಯಲ್ಲಿ ನಾವು ಪತ್ರಾ ಅಂತ ಕರೆಯುವ ಬೂದಿ ಬಣ್ಣದ ಸಿಮೆಂಟ್ ಶೀಟಿಗೆ ಗಟ್ಟಿತನ ಕೊಡುವುದು ಆಸ್ಬೆಸ್ಟಾಸ್. ಕನ್ನಡದಲ್ಲಿ ಇದಕ್ಕೆ ಚಂದದ ಹೆಸರಿದೆ, ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಅದರ ಗುಣ, ಅದರ ಅಪಾಯ ಎರಡೂ ಆ ಹೆಸರಿನಲ್ಲೇ ಇವೆ. ಬೆಂಕಿಗೆ ಸುಡುವುದಿಲ್ಲ, ಎಳೆ ಎಳೆಯಾಗಿ ಬಿಡಿಸಬಹುದು, ನೇಯಲೂಬಹುದು. ಅದಕ್ಕೇ ಗಿರಣಿಗಳ ಬಾಯ್ಲರ್ ಪೈಪುಗಳಿಗೆ ಸುತ್ತಿದರು, ಹಡಗಿನ ಎಂಜಿನ್ ರೂಮಿಗೆ ಮೆತ್ತಿದರು, ಬ್ರೇಕ್ ಲೈನರಿಗೆ, ಗ್ಯಾಸ್ಕೆಟ್ಟಿಗೆ ಹಾಕಿದರು. ಶಾಲೆಯ ಲ್ಯಾಬಿನಲ್ಲಿ ಬರ್ನರಿನ ಮೇಲೆ ಇಡುತ್ತಿದ್ದ ತಂತಿ ಜಾಲರಿಯ ನಡುವೆ ಒಂದು ಬಿಳಿ ವೃತ್ತ ಇತ್ತಲ್ಲ, ಅದೂ ಇದೇ.

ಕಲ್ನಾರಿನ ಒಂದು ಎಳೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಮೂಗು ಉರಿಯುವುದಿಲ್ಲ. ಉಸಿರಿನ ಜೊತೆ ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ಅಲ್ಲಿ ಕಸ ತಿಂದು ಶುಚಿ ಮಾಡುವ ಜೀವಕೋಶಗಳಿವೆ. ಮಾಮೂಲಿ ಧೂಳನ್ನು ಅವು ನುಂಗಿಬಿಡುತ್ತವೆ. ಈ ಎಳೆ ಅವುಗಳಿಗಿಂತ ಉದ್ದ. ಬಾಯಿಗಿಂತ ದೊಡ್ಡ ಕಡ್ಡಿ ನುಂಗಲು ಹೊರಟ ಹಾಗಾಗುತ್ತದೆ. ಅರ್ಧ ನುಂಗಿ ಸಾಯುತ್ತವೆ, ಸಾಯುವಾಗ ಒಳಗಿನ ಖಾರದ ರಸವನ್ನು ಸುತ್ತ ಚೆಲ್ಲುತ್ತವೆ. ಆ ಜಾಗದಲ್ಲಿ ಉರಿಯೂತ, ಆಮೇಲೆ ಗಾಯದ ಕಲೆ. ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಕಾಕಾ ಫ್ಯಾಕ್ಟರಿ ಬಿಟ್ಟರೂ ಎಳೆಗಳು ಕಾಕಾನನ್ನು ಬಿಡಲಿಲ್ಲ.

ಶ್ವಾಸಕೋಶವೇ ಕಲೆಗಟ್ಟಿ ಬಿರುಸಾಗುವುದು ಆಸ್ಬೆಸ್ಟೋಸಿಸ್. ಕಾಕಾನಿಗೆ ಬಂದಿದ್ದು ಇದು. ಸಾಮಾನ್ಯವಾಗಿ ಧೂಳಿಗೆ ಸಿಕ್ಕ ಹತ್ತಿಪ್ಪತ್ತು ವರ್ಷದ ಮೇಲೆಯೇ ಕಾಣುತ್ತದೆ. ಧೂಳು ಹೆಚ್ಚು ಕುಡಿದವರಿಗೆ ಹೆಚ್ಚು. ಇದು ಅಂಟುರೋಗ ಅಲ್ಲ, ಮೊಮ್ಮಕ್ಕಳನ್ನು ದೂರ ಇಡಬೇಕಿಲ್ಲ. ಟಿಬಿ ಅಂದುಕೊಂಡು ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಿರುತ್ತಾರೆ ಅಂತ ಇದನ್ನು ಹೇಳುತ್ತಿದ್ದೇನೆ.

ಶ್ವಾಸಕೋಶದ ಹೊರಗೆ ತೆಳ್ಳಗಿನ ಎರಡು ಪದರಗಳಿವೆ. ಅದಕ್ಕೆ ಪ್ಲೂರಾ ಅನ್ನುತ್ತೇವೆ. ಅದರ ಮೇಲೆ ಸುಣ್ಣಗಟ್ಟಿದ ತೇಪೆಗಳು ಬರುತ್ತವೆ. ಪ್ಲೂರಲ್ ಪ್ಲಾಕ್ ಅಂತ ಸಿಟಿ ರಿಪೋರ್ಟಿನಲ್ಲಿ ಬರೆದಿರುತ್ತಾರೆ. ಓದಿದವರು ಅರ್ಧ ಜೀವ ಆಗಿ ಓಡಿಬರುತ್ತಾರೆ. ಪ್ಲಾಕ್ ತಾನೇ ಕ್ಯಾನ್ಸರ್ ಆಗುವುದಿಲ್ಲ, ಅದಕ್ಕೆ ಔಷಧಿಯೂ ಬೇಡ. ಒಂದು ಕಾಲದಲ್ಲಿ ಕಲ್ನಾರಿನ ಧೂಳು ಕುಡಿದಿದ್ದೀರಿ ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ.

ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಒಂದು ಲೆಕ್ಕವನ್ನು ಬೀಡಿ ಸೇದುವವರಿಗೆಲ್ಲ ಹೇಳುತ್ತೇನೆ. 1979ರಲ್ಲಿ ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಬಗ್ಗೆ ಬಂದ ಅಧ್ಯಯನ ಅದು. ಧೂಳೂ ಇಲ್ಲದ, ಸಿಗರೇಟೂ ಸೇದದ ಮನುಷ್ಯನಿಗೆ ಹೋಲಿಸಿದರೆ, ಬರೀ ಕಲ್ನಾರಿನ ಧೂಳಿದ್ದವರು ಈ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು 5 ಪಟ್ಟು. ಬರೀ ಸಿಗರೇಟಿದ್ದರೆ ಸುಮಾರು 10 ಪಟ್ಟು. ಎರಡೂ ಇದ್ದರೆ? 15 ಅಲ್ಲ, 50ಕ್ಕೂ ಜಾಸ್ತಿ. ಕೂಡುವ ಲೆಕ್ಕ ಅಲ್ಲ ಇದು, ಗುಣಿಸುವ ಲೆಕ್ಕ. ಹಳೆಯ ಧೂಳನ್ನು ಹೊರಗೆ ತೆಗೆಯಲು ನನಗೆ ಬರುವುದಿಲ್ಲ, ಬೀಡಿ ಬಿಡಿಸಲು ಬರುತ್ತದೆ.

ಇನ್ನು ಮೀಸೋಥೆಲಿಯೋಮಾ, ಪ್ಲೂರಾದ್ದೇ ಕ್ಯಾನ್ಸರ್. ಹೊಟ್ಟೆಯ ಪದರಕ್ಕೂ ಬರಬಹುದು. ಇದಕ್ಕೂ ಬೀಡಿಗೂ ಸಂಬಂಧ ಇಲ್ಲ. ಸಾಮಾನ್ಯವಾಗಿ ಧೂಳಿಗೆ ಸಿಕ್ಕ ಮೂವತ್ತು ನಲವತ್ತು ವರ್ಷದ ನಂತರ ಬರುತ್ತದೆ. ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಅರವತ್ತು ದಾಟಿದ ಒಬ್ಬ ಅಮ್ಮ, ಉಡುಪಿ ಕಡೆಯವರು, ಪರೇಲಿನ ಚಾಳಿನಲ್ಲಿ ಬಾಳಿದವರು. ಬಲ ಎದೆಯಲ್ಲಿ ನೀರು ತುಂಬಿತ್ತು. ಅದೇ ಪಕ್ಕದಲ್ಲಿ ರಾತ್ರಿ ನಿದ್ದೆ ಕೆಡಿಸುವ ಮೊಂಡು ನೋವು. ನೀರು ತೆಗೆದು ಪರೀಕ್ಷೆಗೆ ಕಳಿಸಿದೆ. ಕ್ಯಾನ್ಸರಿನ ಜೀವಕೋಶ ಸಿಗಲಿಲ್ಲ, ಟಿಬಿ ನೀರಿನಲ್ಲಿ ಏರುವ ಎಡಿಎ ಅನ್ನುವ ಅಂಶ ಸ್ವಲ್ಪ ಜಾಸ್ತಿ ಬಂತು. ನಮ್ಮೂರಲ್ಲಿ ಎದೆ ನೀರು ಅಂದರೆ ಮೊದಲು ನೆನಪಾಗುವುದು ಟಿಬಿ. ಮಾತ್ರೆ ಬರೆದೆ. ಎರಡು ತಿಂಗಳಲ್ಲಿ ನೀರು ಮತ್ತೆ ತುಂಬಿತು. ಆಗ ಪ್ಲೂರಾದ ತುಂಡು ತೆಗೆಸಿದೆ. ಮೀಸೋಥೆಲಿಯೋಮಾ.

ಅವರು ಫ್ಯಾಕ್ಟರಿಯ ಗೇಟನ್ನೂ ದಾಟಿದವರಲ್ಲ. ಗಂಡ ಗಿರಣಿಯ ಬಾಯ್ಲರ್ ಖಾತೆಯಲ್ಲಿ ಪೈಪಿಗೆ ಕಲ್ನಾರಿನ ಹಗ್ಗ ಸುತ್ತುವ ಕೆಲಸದಲ್ಲಿದ್ದರು. "ಅವರ ಖಾಕಿ ಬಟ್ಟೆ ಬಿಳಿ ಹುಡಿ ಆಗಿ ಬರ್ತಿತ್ತು ಡಾಕ್ಟ್ರೇ. ಚಾಳಿನ ನಳ್ಳಿ ಹತ್ರ ಕೊಡವಿ ಕೊಡವಿ ಒಗೀತಿದ್ದೆ" ಅಂದರು. ಹೀಗೆ ಬಟ್ಟೆಯ ಮೂಲಕ ಮನೆಗೆ ಬಂದ ಧೂಳಿನಿಂದ ಹೆಂಡತಿ ಮಕ್ಕಳಿಗೆ ರೋಗ ಬರುವುದು ವೈದ್ಯಶಾಸ್ತ್ರಕ್ಕೆ ಹಳೆಯ ಸಂಗತಿ. ನಾನು ಕೇಳಿರಲಿಲ್ಲ. ಈಗ ಹೆಂಗಸರಿಗೆ ಎರಡು ಪ್ರಶ್ನೆ ಹಾಕುತ್ತೇನೆ: ನಿಮ್ಮ ಕೆಲಸ ಏನಿತ್ತು, ಮನೆಯಲ್ಲಿ ಯಾರ ಬಟ್ಟೆ ಒಗೆಯುತ್ತಿದ್ದಿರಿ?

ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದರೆ ಇಲ್ಲ ಅಂತಲೇ ಅರ್ಥ ಅಲ್ಲ. ಈ ರೋಗದಲ್ಲಿ ನೀರು ಸುಳ್ಳು ಹೇಳುವುದು ಜಾಸ್ತಿ. ಎಡಿಎ ಕೂಡ ಕೆಲವೊಮ್ಮೆ ಏರಿರುತ್ತದೆ. ಹಾಗಾಗಿ ಒಂದೇ ಪಕ್ಕದಲ್ಲಿ ನೀರು, ಜೊತೆಗೆ ನೋವು, ತೂಕ ಇಳಿತ ಇದ್ದು, ಟಿಬಿಗೆ ಪುರಾವೆ ಸಿಗದಿದ್ದರೆ ಥೊರಾಕೋಸ್ಕೋಪಿ ಮಾಡಿಸಬೇಕು. ಎದೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡಿ ತುಂಡು ತೆಗೆಯುವುದು. ಹೆಸರು ಕೇಳಿ ಹೆದರುತ್ತಾರೆ. ಆರು ತಿಂಗಳು ಬೇಡದ ಮಾತ್ರೆ ತಿನ್ನುವುದಕ್ಕಿಂತ ಇದು ವಾಸಿ.

ಆಸ್ಬೆಸ್ಟೋಸಿಸ್ ಪತ್ತೆಗೆ ತುಂಡು ತೆಗೆಯುವ ಪ್ರಸಂಗ ಬಹಳ ಕಡಿಮೆ. ಕೆಲಸದ ಚರಿತ್ರೆ, ಎಚ್‌ಆರ್‌ಸಿಟಿ ಸ್ಕ್ಯಾನ್ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ), ಊದಿಸುವ ಪರೀಕ್ಷೆ ಸಾಕು. ಬರೀ ಎಕ್ಸ್‌ರೇ ನಂಬಬೇಡಿ, ಶುರುವಿನಲ್ಲಿ ಅದು ಸರಿ ಇದ್ದ ಹಾಗೇ ಕಾಣಬಹುದು. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದ ತಳದಲ್ಲಿ ಗೆರೆ ಗೆರೆ ಕಲೆ ಕಾಣುತ್ತದೆ. ಟಿಬಿ ಸಾಮಾನ್ಯವಾಗಿ ಮೇಲ್ಭಾಗ ಹಿಡಿಯುತ್ತದೆ. ಊದಿಸಿದಾಗ ಗಾಳಿ ಹಿಡಿಯುವ ಜಾಗವೇ ಕುಗ್ಗಿರುವುದು ತಿಳಿಯುತ್ತದೆ. ಆದರೆ ಇದೇ ಚಿತ್ರ ಬೇರೆ ಕಾರಣಕ್ಕೆ ಶ್ವಾಸಕೋಶ ಕಲೆಗಟ್ಟುವ ಫೈಬ್ರೋಸಿಸ್‌ನಲ್ಲೂ ಬರುತ್ತದೆ. ಬೇರೆ ಮಾಡುವುದು ಪ್ಲಾಕ್ ಮತ್ತು ಕೆಲಸದ ಚರಿತ್ರೆ. ಯಂತ್ರ ಎಷ್ಟೇ ದುಬಾರಿ ಇದ್ದರೂ, ನೀವು 1985ರಲ್ಲಿ ಏನು ಮಾಡುತ್ತಿದ್ದಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅಲ್ವಾ?

ಚಿಕಿತ್ಸೆ ಏನು? ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ. ಸ್ಟೀರಾಯ್ಡ್ ಮಾತ್ರೆಯಿಂದ ಆಸ್ಬೆಸ್ಟೋಸಿಸ್‌ಗೆ ಪ್ರಯೋಜನ ಇಲ್ಲ. ಕಾಕಾ ಅದನ್ನೂ ತಿಂಗಳುಗಟ್ಟಲೆ ತಿಂದು ಸಕ್ಕರೆ ಏರಿಸಿಕೊಂಡಿದ್ದರು. ಕಲೆ ವೇಗವಾಗಿ ಹಬ್ಬುತ್ತಿದ್ದರೆ ನಿಂಟೆಡಾನಿಬ್ ಅನ್ನುವ ಮಾತ್ರೆ ಆ ವೇಗವನ್ನು ತಗ್ಗಿಸುತ್ತದೆ, ಇರುವ ಕಲೆಯನ್ನು ಅಳಿಸುವುದಿಲ್ಲ. ಬೀಡಿ ಬಿಡುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮ, ಆಕ್ಸಿಜನ್ ಮಟ್ಟ 88 ಅಥವಾ ಅದಕ್ಕಿಂತ ಕೆಳಗೇ ಉಳಿದರೆ ಮನೆಯಲ್ಲಿ ಆಕ್ಸಿಜನ್. ಇವು ಚಿಲ್ಲರೆ ಅನ್ನಿಸುತ್ತವೆ. ಆದರೆ ಬ್ರಿಡ್ಜಿನ ಮೇಲೆ ಎರಡು ಸಲ ನಿಲ್ಲುವವರು ಒಂದೇ ಸಲ ನಿಲ್ಲುವ ಹಾಗೆ ಆಗುವುದು ಇವುಗಳಿಂದಲೇ.

ಮೀಸೋಥೆಲಿಯೋಮಾಗೆ ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಕೀಮೋ ಬಹಳ ವರ್ಷದಿಂದ ಇದೆ. 2020ರಿಂದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಎರಡು ಔಷಧಿಗಳ ಜೋಡಿ ಬಂದಿದೆ, ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್. ದೊಡ್ಡ ಅಧ್ಯಯನದಲ್ಲಿ ಕೀಮೋ ಪಡೆದವರಲ್ಲಿ ಅರ್ಧ ಜನ 14 ತಿಂಗಳು ದಾಟಿದರೆ, ಈ ಜೋಡಿ ಪಡೆದವರಲ್ಲಿ ಅರ್ಧ ಜನ 18 ತಿಂಗಳು ದಾಟಿದರು. ನಾಲ್ಕು ತಿಂಗಳು ಅಂದರೆ ಕಡಿಮೆ ಏನಲ್ಲ. ಬೆಲೆಯೂ ಕಡಿಮೆ ಏನಲ್ಲ. ಹೊಲ ಮಾರುವ ಮೊದಲು ಕ್ಯಾನ್ಸರ್ ಡಾಕ್ಟರ ಹತ್ತಿರ ಕೂತು ಬಿಚ್ಚಿ ಮಾತಾಡಿ. ದೊಡ್ಡ ಆಪರೇಷನ್ ಬಗ್ಗೆಯೂ ಹಾಗೇ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಬರೀ ಕೀಮೋ ಪಡೆದವರಿಗಿಂತ ಕೀಮೋ ಜೊತೆ ಪ್ಲೂರಾ ಸುಲಿದು ತೆಗೆಸಿಕೊಂಡವರೇ ಕಡಿಮೆ ಬದುಕಿದರು. ನೀರು ಮತ್ತೆ ಮತ್ತೆ ತುಂಬದ ಹಾಗೆ ಪದರಗಳನ್ನು ಅಂಟಿಸುವುದು, ನೋವಿಗೆ ಸರಿಯಾದ ಔಷಧಿ ಕೊಡುವುದು ಪ್ರತಿಯೊಬ್ಬರಿಗೂ ಸಿಗಬೇಕಾದ್ದು.

"ಡಾಕ್ಟ್ರೇ, ನಮ್ಮ ಮನೆ ಮೇಲೆ ಪತ್ರಾ ಇದೆ, ಏನು ಮಾಡ್ಲಿ?" ಈ ಪ್ರಶ್ನೆ ಬರದ ದಿನ ಇಲ್ಲ. ಸುಮ್ನೆ ಬಿಡಿ. ಶೀಟಿನಲ್ಲಿ ಎಳೆಗಳು ಸಿಮೆಂಟಿನ ಒಳಗೆ ಸಿಕ್ಕಿಕೊಂಡಿರುತ್ತವೆ. ಒಡೆಯದೆ, ಪುಡಿ ಉದುರದೆ ಇರುವ ಶೀಟಿನ ಕೆಳಗೆ ಮಲಗಿದ್ದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ನನಗೆ ಭಯ ಆಗುವುದು ಮೇ ತಿಂಗಳಲ್ಲಿ. ಮಳೆಗೆ ಮುಂಚೆ ಊರೆಲ್ಲ ಪತ್ರಾ ರಿಪೇರಿ. ಹುಡುಗರು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಗ್ರೈಂಡರಿನಲ್ಲಿ ಶೀಟು ಕೊಯ್ಯುತ್ತಾರೆ. ಅದರಲ್ಲಿ ನಮ್ಮ ಕಲಬುರಗಿ, ಯಾದಗಿರಿ ಹುಡುಗರೂ ಇರುತ್ತಾರೆ. ಕರ್ಚೀಫು ಈ ಎಳೆಯನ್ನು ತಡೆಯುವುದಿಲ್ಲ. ಒಣಗಿದ ಶೀಟು ಕೊಯ್ಯುವುದು, ತೂತು ಕೊರೆಯುವುದು, ಮೇಲಿಂದ ಎಸೆದು ಒಡೆಯುವುದು, ಆಮೇಲೆ ಪೊರಕೆಯಲ್ಲಿ ಗುಡಿಸುವುದು, ಇಷ್ಟರಲ್ಲೇ ಧೂಳು ಏಳುವುದು. ತೆಗೆಯಲೇಬೇಕಾದರೆ ನೀರು ಹೊಡೆದು ಚೆನ್ನಾಗಿ ನೆನೆಸಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನು ಇಳಿಸಿ. ಒಳ್ಳೆಯ ಫಿಲ್ಟರ್ ಮಾಸ್ಕ್ ಹಾಕಿಕೊಳ್ಳಿ. ಚೂರುಗಳನ್ನು ಒದ್ದೆ ಬಟ್ಟೆಯಿಂದ ಬಳಿದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಮಕ್ಕಳು ಆ ದಿನ ಬೇರೆ ಮನೆಯಲ್ಲಿರಲಿ.

ನಮ್ಮ ದೇಶದಲ್ಲಿ ಕಲ್ನಾರಿನ ಗಣಿಗಾರಿಕೆಗೆ 1993ರಿಂದ ಗುತ್ತಿಗೆ ನವೀಕರಿಸುತ್ತಿಲ್ಲ. ಹೊರದೇಶದಿಂದ ತರಿಸುವುದಕ್ಕೆ ಮಾತ್ರ ತಡೆ ಇಲ್ಲ, ರಷ್ಯಾದಿಂದ ಹಡಗು ಹಡಗು ಬರುತ್ತದೆ. ನೆಲದಿಂದ ಅಗೆದರೆ ತಪ್ಪು, ಬಂದರಿನಲ್ಲಿ ಇಳಿಸಿದರೆ ಸರಿ ಅನ್ನುವ ಲೆಕ್ಕ ನನಗೆ ಇವತ್ತಿಗೂ ಹತ್ತಿಲ್ಲ.

ಕಾಕಾನಿಗೆ ಒಂದು ಮನೆಕೆಲಸ ಕೊಟ್ಟೆ, ಹಳೆಯ ಕಾಗದ ಹುಡುಕಿ ತನ್ನಿ ಅಂತ. ಅದಕ್ಕೆ ಕಾರಣ ಇದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿತು. ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಮುಗಿಯುತ್ತದೋ ಅಲ್ಲಿಯವರೆಗೆ ಇಡಬೇಕು. ಆಸ್ಬೆಸ್ಟೋಸಿಸ್, ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್, ಮೀಸೋಥೆಲಿಯೋಮಾ ಮೂರೂ ಕಾನೂನಿನ ಕಸುಬಿನ ರೋಗಗಳ ಪಟ್ಟಿಯಲ್ಲಿವೆ. ಕಸುಬಿನ ರೋಗ ಹೌದೋ ಅಲ್ಲವೋ ಅಂತ ನೋಡಲು ಕಾರ್ಮಿಕರ ವಿಮೆಯಾದ ಇಎಸ್‌ಐನಲ್ಲಿ ವಿಶೇಷ ವೈದ್ಯಕೀಯ ಮಂಡಳಿ ಇದೆ. ಅಲ್ಲಿ "ನಾನು ಅಲ್ಲಿ ದುಡಿದಿದ್ದೆ" ಅನ್ನುವ ಬಾಯಿಮಾತಿಗಿಂತ ಒಂದು ಹರಕು ಪಗಾರ ಚೀಟಿಗೆ ತೂಕ ಜಾಸ್ತಿ. ಗುತ್ತಿಗೆದಾರನ ಕೈಕೆಳಗೆ ದುಡಿದವರಿಗೆ ಅದೂ ಇರುವುದಿಲ್ಲ. ಅಂಥವರು ಜೊತೆಗೆ ದುಡಿದವರ ಹೆಸರು, ವರ್ಷ, ಜಾಗ ಆದರೂ ಬರೆದಿಡಿ.

ಮುಂದಿನ ಸೋಮವಾರ ಕಾಕಾ ಮಗಳ ಜೊತೆ ಬಂದರು. ಬಿಸ್ಕೆಟ್ ಡಬ್ಬಿಯಲ್ಲಿ ಇಎಸ್‌ಐ ಕಾರ್ಡು, ನಾಲ್ಕು ಪಗಾರ ಚೀಟಿ, ಲ್ಯಾಮಿನೇಷನ್ ಸುಲಿದ ಒಂದು ಗೇಟ್ ಪಾಸು. ಫೋಟೋದಲ್ಲಿ ಕರಿ ಮೀಸೆಯ ಹುಡುಗ. "ಹಮಾಲಿ ಮಾಡ್ತಿದ್ನಿರಿ, ಚೀಲ ಎತ್ತೂದು" ಅಂತಲೇ ಅವರು ಅವತ್ತಿನಿಂದ ಹೇಳುತ್ತಿದ್ದರು. ಯಾವ ಚೀಲ ಅಂತ ನಾನೂ ಕೇಳಿರಲಿಲ್ಲ. ಪಾಸಿನಲ್ಲಿ ಹೆಸರಿನ ಕೆಳಗೆ ಖಾತೆ ಬರೆದಿತ್ತು: ಫೈಬರ್ ಮಿಕ್ಸಿಂಗ್.